ಒಂದೇ ಚಾರ್ಜರಿನ ಮನೆ

ಆಕೆಯನ್ನು ನಾನು ಮೊದಲು ಕಂಡದ್ದು ಅರ್ಧ ತಲೆ ಕ್ಷೌರ ಮಾಡಿಸಿಕೊಂಡು ಕುಳಿತಿದ್ದ ದಿನ. ನಿವೃತ್ತನಾದ ಮೇಲೆ ಬಾಡಿಗೆ ಕಡಿಮೆಯೆಂದು ಆ ಬೀದಿಗೆ ಮನೆ ಬದಲಿಸಿದ್ದೆ. ತಿರುವಿನಲ್ಲಿದ್ದ ಕ್ಷೌರದಂಗಡಿಗೆ ಅದೇ ಮೊದಲ ಸಲ ಹೋಗಿದ್ದು. ಎರಡು ಕುರ್ಚಿ, ಅಂಚು ಕಪ್ಪಿಟ್ಟ ಒಂದು ಕನ್ನಡಿ, ಗೋಡೆಗೆ ಒತ್ತಿಕೊಂಡು ಉದ್ದನೆಯ ಬೆಂಚು. ಅಂಗಡಿಯವನು ಏನಾದರೂ ಹೇಳಬೇಕೆನಿಸಿದಾಗ ಕೈಕೆಲಸ ನಿಲ್ಲಿಸಿ, ಜೇಬಿನಿಂದ ಟಾರ್ಚಿನಂಥ ಸಣ್ಣ ಯಂತ್ರವೊಂದನ್ನು ತೆಗೆದು ಗಂಟಲಿಗೆ ಒತ್ತಿಕೊಳ್ಳುತ್ತಿದ್ದ. ಆಗ ಏರಿಳಿತವಿಲ್ಲದ, ಜೀರುಂಡೆಯಂಥ ದನಿಯಲ್ಲಿ ಮಾತು ಹೊರಡುತ್ತಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಸ್ವಂತ ದನಿ ಹೋಗಿತ್ತಂತೆ. ಮಾತಿನ ಚಪಲ ಮಾತ್ರ ಹೋಗಿರಲಿಲ್ಲ. ಒಂದು ಕ್ಷೌರ ಮುಗಿಯುವುದರೊಳಗೆ ಯಂತ್ರ ಜೇಬಿನಿಂದ ಎಷ್ಟು ಸಲ ಹೊರಗೆ ಬಂದಿತೋ ಲೆಕ್ಕವಿಲ್ಲ.

ಅಷ್ಟರಲ್ಲಿ ಕೂದಲು ಕತ್ತರಿಸುವ ಮಷೀನು ಗುರ್ ಎಂದು ನಿಂತೇ ಹೋಯಿತು. ಕತ್ತರಿಯಲ್ಲಿ ಮುಗಿಸುತ್ತೇನೆ ಎಂದ. ಅರ್ಧ ಹಾಗೆ ಅರ್ಧ ಹೀಗೆ ಬೇಡವೆಂದೆ. ಅದೇ ಹೊತ್ತಿಗೆ ಕೆಲಸ ಮುಗಿಸಿಕೊಂಡು ಆತನ ಹೆಂಡತಿ ಒಳಗೆ ಬಂದಳು. ದೊಡ್ಡ ಕಚೇರಿಯೊಂದರಲ್ಲಿ ನೆಲ ಒರೆಸುವ ಕೆಲಸ ಆಕೆಯದು. ಬೆಂಚಿನ ಮೇಲೆ ಕುಸಿದು ಕುಳಿತು, ಚೀಲದಿಂದ ಸಾಬೂನಿನ ಗಟ್ಟಿಯಷ್ಟು ದಪ್ಪದ ಒಂದು ಕಪ್ಪು ಚಾರ್ಜರ್ ತೆಗೆದಳು. ಅದರ ಒಂದೇ ತಂತಿ ತುದಿಯಲ್ಲಿ ಕವಲಾಗಿ, ಕವಲಿಗೊಂದು ಬೇರೆ ಬೇರೆ ಅಳತೆಯ ಪಿನ್ನು.

“ಸ್ವಲ್ಪ ಕೂತ್ಕೊಳ್ಳಿ ಮೇಷ್ಟ್ರೇ,” ಎಂದಳು. “ನಿನ್ನೆ ಅತ್ತೆ ರೇಡಿಯೋ ಮುಂದೆ ಬಂತು, ಮಷೀನಿಗೆ ಸರದಿ ಸಿಗಲಿಲ್ಲ. ಅದಕ್ಕೂ ಸುಸ್ತಾಗಲ್ವಾ?”

ನಾನು ಮೇಷ್ಟ್ರೆಂದು ಆಕೆಗೆ ಯಾರು ಹೇಳಿದರೋ ತಿಳಿಯದು. ಅರ್ಧ ತಲೆಯಲ್ಲಿ ಎದ್ದು ಹೋಗಲಾರದೆ, ಮಷೀನಿಗೆ ಜೀವ ಬರುವ ತನಕ ಆ ಮನೆಯ ಕಥೆ ಕೇಳುತ್ತ ಕುಳಿತೆ.

ಮನೆಯಲ್ಲಿ ಇದ್ದವರು ಮೂವರು. ಆಕೆ, ಗಂಡ, ಕಣ್ಣು ಪೂರ್ತಿ ಮಂಜಾಗಿದ್ದ ಅತ್ತೆ. ಚಾರ್ಜು ಬೇಡುವ ವಸ್ತುಗಳು ಮೂವರಿಗಿಂತ ಹೆಚ್ಚು: ಗಂಡನ ಮಷೀನು, ಮಾತಿನ ಯಂತ್ರ, ಅತ್ತೆಯ ರೇಡಿಯೋ, ಆಕೆಯ ಫೋನು. ಒಂದೊಂದರ ಚಾರ್ಜರೂ ಒಂದೊಂದು ಕಾಲಕ್ಕೆ ಕೆಟ್ಟು ಹೋಗಿತ್ತು. ಮಾತಿನ ಯಂತ್ರದ್ದಂತೂ ಈಗ ತಯಾರಾಗುವುದೇ ಇಲ್ಲವೆಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಕೊನೆಗೆ ವಿದ್ಯುತ್ ಸಾಮಾನಿನ ಅಂಗಡಿಯವನು, ಎಲ್ಲಕ್ಕೂ ಆಗಿಬರುವ ಚಾರ್ಜರ್ ಇದೊಂದೇ ಎಂದು ಕೊಟ್ಟನಂತೆ. ಮನೆಮಂದಿಯೆಲ್ಲ ಅದಕ್ಕೇ ಕಾದು ಕೂರುವುದು ತಿಳಿದು ಅತ್ತೆ ಅದಕ್ಕೆ ‘ಎರಡನೇ ಸೊಸೆ’ ಎಂದು ಹೆಸರಿಟ್ಟಿದ್ದರು.

ಚಾರ್ಜರಿನ ಪಕ್ಕದಲ್ಲಿ ಎಷ್ಟು ವೋಲ್ಟ್ ಎಂದು ತೋರಿಸುವ ಅಂಕಿಗಳ ಸಾಲು, ಅದರ ಮೇಲೆ ಜಾರಿಸುವ ಒಂದು ಸಣ್ಣ ಗುಂಡಿ. ಮಷೀನಿಗೆ ಮೇಲಿನ ಅಂಕಿ, ಮಾತಿನ ಯಂತ್ರಕ್ಕೂ ರೇಡಿಯೋಗೂ ಫೋನಿಗೂ ಕೆಳಗಿನ ಅಂಕಿ. ಎಲ್ಲ ಪಿನ್ನುಗಳಿಗೂ ಗುಂಡಿ ಒಂದೇ ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಹಾಕಬೇಕು. ಮಷೀನು ತೆಗೆದ ಕೂಡಲೇ ಗುಂಡಿಯನ್ನು ಕೆಳಗಿಳಿಸುವುದು ಆಕೆ ತನಗೆ ತಾನೇ ಮಾಡಿಕೊಂಡ ಕಟ್ಟಳೆ. ಆ ಕೆಲಸಕ್ಕೆ ಬೇರೆಯವರು ಕೈ ಹಾಕುತ್ತಿರಲಿಲ್ಲ; ಹಗಲು ಚಾರ್ಜರ್ ಆಕೆಯ ಚೀಲದಲ್ಲೇ ಇರುತ್ತಿತ್ತು. ಸಂಜೆ ಬಂದೊಡನೆ ನಾಳೆಯ ದುಡಿಮೆಗೆಂದು ಮಷೀನು, ಆಮೇಲೆ ಫೋನು, ರೇಡಿಯೋ, ಎಲ್ಲಕ್ಕಿಂತ ಕೊನೆಗೆ ಮಾತಿನ ಯಂತ್ರ. ಅದು ಕೊನೆಗೇಕೆ ಎಂದು ಕೇಳಿದೆ. “ಇವರು ಅಂಗಡಿಯಲ್ಲಿ ಆಡಿದ್ದು ಸಾಲದೆ ಮನೆಗೂ ತರ್ತಾರೆ ಮೇಷ್ಟ್ರೇ,” ಎಂದಳು. ಗಂಡ ಕನ್ನಡಿಯಲ್ಲೇ ನಕ್ಕ.

ಹೀಗೆ ಪರಿಚಯವಾದದ್ದು. ಆಮೇಲೆ ಕೂದಲು ಬೆಳೆಯದಿದ್ದರೂ ಸಂಜೆ ಅಲ್ಲಿಗೆ ಹೋಗಿ ಕೂರುವುದು ರೂಢಿಯಾಯಿತು. ಆಕೆ ಬಂದು ಕೂರುವಾಗ ಮಂಡಿಯನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಬಾಗುತ್ತಿದ್ದಳು. ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಹೇಗಿದ್ದೀಯಮ್ಮ ಎಂದರೆ, ಇದ್ದೀನಲ್ಲ ಎನ್ನುವುದೇ ಉತ್ತರ.

ಆ ವರ್ಷ ಕಚೇರಿಯಲ್ಲಿ ಕೆಲಸದವರನ್ನು ಕಡಿಮೆ ಮಾಡಿ, ಇದ್ದವರ ಮೇಲೆಯೇ ಹೊರೆ ಹೊರಿಸಿದರು. ಒಂದು ಸಂಜೆ ಆಕೆ ಅಂಗಡಿಯಿಂದ ಮಷೀನನ್ನು ಮನೆಗೆ ಒಯ್ದು ಚಾರ್ಜಿಗೆ ಹಾಕಿ, ಚಾಪೆ ಕೂಡ ಹಾಸದೆ ಗೋಡೆಗೊರಗಿದವಳು ಹಾಗೆಯೇ ನಿದ್ದೆ ಹೋದಳು. ಗಂಡ ಅಂಗಡಿಯಿಂದ ಬಂದು ನೋಡಿದ. ಎಬ್ಬಿಸಲು ಮನಸ್ಸು ಬರಲಿಲ್ಲ. ಇವತ್ತೊಂದು ದಿನ ಅವಳ ಕೆಲಸ ನಾನೇ ಮಾಡೋಣವೆಂದು ಮಷೀನನ್ನು ತೆಗೆದು, ಸರಿಯಾಗಿ ಕೂತ ಪಿನ್ನನ್ನೇ ಮಾತಿನ ಯಂತ್ರಕ್ಕೆ ಚುಚ್ಚಿದ. ಪಿನ್ನು ಕೂತರೆ ಆಯಿತೆಂದು ತಿಳಿದಿದ್ದ. ಗುಂಡಿ ಮೇಲೆಯೇ ಇತ್ತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು.

ಯಾರನ್ನಾದರೂ ಕೂಗೋಣವೆಂದರೆ ಕೂಗುವ ವಸ್ತುವೇ ಸುಟ್ಟಿತ್ತು. ಆತ ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿಟ್ಟು, ಮರುದಿನ ಗಂಟಲು ನೋವೆಂದು ಕೈಸನ್ನೆ ಮಾಡಿದ. ಹೀಗೇ ಎರಡು ಮೂರು ದಿನ ಕಳೆಯಿತು. ಕೊನೆಗೆ ಚಾರ್ಜಿಗೆ ಹಾಕಲೆಂದು ಯಂತ್ರವನ್ನು ಚೀಲದಿಂದ ತೆಗೆದ ಆಕೆಗೆ ಅದರ ಕರಗಿದ ಅಂಚು ಕಂಡಿತು. ಅಂಕಿ ಇಳಿಸುವುದು ತನ್ನ ಕೆಲಸ, ತಾನೇ ಮರೆತದ್ದು ಎಂದು ಆಕೆ. ಅಲ್ಲ, ತಾನು ಎಂದು ಆತ ಎದೆ ಮುಟ್ಟಿಕೊಂಡು ತೋರಿಸಿದ. ಇಬ್ಬರ ನಡುವೆ ಅತ್ತೆ ಬಾಯಿ ಹಾಕಿದರು: “ತಪ್ಪು ಯಾರದಾದ್ರೂ ಇರಲಿ. ಇನ್ಮೇಲೆ ನನ್ನ ಮಗ ಮನೇಲಿದ್ದಾನೋ ಇಲ್ವೋ ಅಂತ ನನಗೆ ಗೊತ್ತಾಗೋದು ಹೇಗೆ?”

ಕಣ್ಣು ಕಾಣದ ತಾಯಿಗೆ ತುಟಿಯ ಚಲನೆಯೂ ಕಾಣದು, ಬರೆದದ್ದೂ ಕಾಣದು. ತಾಯಿಗೂ ಮಗನಿಗೂ ನಡುವೆ ಇದ್ದದ್ದು ಆ ಜೀರುಂಡೆ ದನಿಯೊಂದೇ.

ಅಂದಿನಿಂದ ಆಕೆಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ಸಂಜೆ ಗಂಡನ ತುಟಿ ನೋಡಿ ಅತ್ತೆಗೆ ಹೇಳುವುದು. ದಿನವಿಡೀ ನೆಲ ಒರೆಸಿ ಬಂದವಳು ಎಷ್ಟೆಂದು ಹೇಳಿಯಾಳು? ಆತ ಉದ್ದಕ್ಕೆ ಆಡಿದ್ದನ್ನು ಗಿಡ್ಡ ಮಾಡಿ ಒಂದು ಮಾತಿನಲ್ಲಿ ಮುಗಿಸುತ್ತಿದ್ದಳು. ಅತ್ತೆಗೆ ಅನುಮಾನ.

“ಇಷ್ಟೇ ಹೇಳಿದ್ನಾ? ಅವನು ಹುಟ್ಟಿದಾಗಿನಿಂದ ಇಷ್ಟು ಕಡಿಮೆ ಮಾತಾಡಿದ್ದೇ ಇಲ್ಲ. ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತು?”

“ದಾರೀಲಿ ಬಿದ್ದು ಹೋಯ್ತು ಅತ್ತೆ.”

ನಾನು ಇದನ್ನು ಕೇಳಿ ನಕ್ಕೆ. ಆಕೆ ನಗಲಿಲ್ಲ. ಗಂಡ ಹೊರಗೆ ನೀರು ಚೆಲ್ಲಲು ಹೋದಾಗ ಮೆಲ್ಲಗೆ ಹೇಳಿದಳು: “ಇವರು ಗಂಟಲು ನೋವು ಅಂದ್ರಲ್ಲ ಮೇಷ್ಟ್ರೇ, ಆ ದಿನಗಳಲ್ಲಿ ಮನೆ ತಣ್ಣಗಿತ್ತು. ನನಗೆ ಹಾಯ್ ಅನ್ನಿಸ್ತು. ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ?”

ದಣಿದವರಿಗೆ ಹಾಗೆ ಅನ್ನಿಸುವುದು ಸಹಜವಮ್ಮ ಎಂದೆ. ಅದು ಆಕೆಗೆ ಸಮಾಧಾನ ತಂದಂತೆ ಕಾಣಲಿಲ್ಲ.

ಹೊಸ ಯಂತ್ರ ಕೊಳ್ಳುವುದು ಅವರ ಕೈಗೆ ಎಟುಕುವ ಮಾತಾಗಿರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯಲ್ಲಿ, ಯಾರಾದರೂ ಹಿಂದಿರುಗಿಸಿದ ಯಂತ್ರವಿದ್ದರೆ ಕೊಡುವುದುಂಟು. ಆಕೆ ವಾರದ ರಜೆಯನ್ನೆಲ್ಲ ಅಲ್ಲಿಯ ಬೆಂಚಿಗೆ ಕೊಟ್ಟಳು. ಬಂದಿಲ್ಲ ಎನ್ನುತ್ತಿದ್ದರು, ಎದ್ದು ಬರುತ್ತಿದ್ದಳು. ಫೋನು ಮಾಡಿ ಕೇಳಬಾರದೇ ಎಂದದ್ದಕ್ಕೆ, ಎದುರಿಗೆ ಕೂತವರನ್ನು ಮರೆಯುವುದು ಅಷ್ಟು ಸುಲಭವಲ್ಲ ಎಂದಳು. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಒಂದು ಯಂತ್ರ ಸಿಕ್ಕಿತು, ಚಾರ್ಜರ್ ಇಲ್ಲದೆ. ಅದನ್ನು ಮೊದಲು ಬಳಸುತ್ತಿದ್ದವರು ಯಾರೆಂದು ಆಕೆ ಕೇಳಲಿಲ್ಲ.

ಅದನ್ನು ಗಂಟಲಿಗೆ ಒತ್ತಿ ಆತ ಮೊದಲು “ಅಮ್ಮ” ಎಂದನಂತೆ. ಈ ಯಂತ್ರದ ದನಿ ಹಳೆಯದಕ್ಕಿಂತ ಕೀರಲು. ಅತ್ತೆ ಗಾಬರಿಯಾಗಿ, ಯಾರಪ್ಪ ನೀನು ಎಂದರು. ಆತ ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಒಂದೇ ಸಮನೆ ಹೇಳತೊಡಗಿದ. ಸ್ವಲ್ಪ ಹೊತ್ತು ಕೇಳಿಸಿಕೊಂಡು ಅತ್ತೆ, “ಇವನೇ, ಅನುಮಾನ ಇಲ್ಲ,” ಎಂದರು.

ಅದೇ ಸಂಜೆ ಆಕೆ ಚಾರ್ಜರಿನ ಗುಂಡಿಯನ್ನು ಕೆಳಗಿನ ಅಂಕಿಗೆ ಇಳಿಸಿ, ಅದರ ಮೇಲೆ ಗಾಯಕ್ಕೆ ಅಂಟಿಸುವ ಪಟ್ಟಿಯನ್ನು ಬಿಗಿಯಾಗಿ ಅಂಟಿಸಿಬಿಟ್ಟಳು. ಇನ್ನು ಅದು ಮೇಲಕ್ಕೆ ಹೋಗುವಂತಿಲ್ಲ. ಎಂದರೆ ಗಂಡನ ಮಷೀನಿಗೆ ಚಾರ್ಜು ಇಲ್ಲ. ನಾನು ಮಷೀನಿಗೆ ಬೇರೆ ಚಾರ್ಜರ್ ತಂದುಕೊಡುತ್ತೇನೆ ಎಂದೆ. “ಬೇಡಿ ಮೇಷ್ಟ್ರೇ,” ಎಂದಳು. “ಎರಡಾದ್ರೆ ಅದು ಯಾವುದು ಇದು ಯಾವುದು ಅಂತ ದಿನಾ ನೋಡ್ಬೇಕು. ನನ್ನ ಕಣ್ಣು ಆ ಹೊತ್ತಿಗೆ ಮುಚ್ಚಿರುತ್ತೆ. ಇವರ ಕೈಯಲ್ಲಿ ಕತ್ತರಿ ಇದೆಯಲ್ಲ, ಸಾಕು.” ಗಂಡ ಎದುರಾಡಲಿಲ್ಲ. ಮಷೀನೇ ಬೇಕೆನ್ನುವ ಹುಡುಗರು ಬೇರೆ ಅಂಗಡಿ ಹುಡುಕಿಕೊಂಡರು. ಸಂಪಾದನೆ ಇಳಿಯಿತು. ನನ್ನಂಥ, ಅವಸರವಿಲ್ಲದ ತಲೆಗಳು ಉಳಿದವು.

ಆಕೆ ಈಗಲೂ ಅದೇ ಕಚೇರಿಯ ನೆಲ ಒರೆಸುತ್ತಾಳೆ. ಮಂಡಿ ಮೊದಲಿಗಿಂತ ಕೆಟ್ಟಿದೆ. ಸಂಜೆ ಬಂದು ಅಂಗಡಿಯ ಬೆಂಚಿನಲ್ಲಿ ಗೋಡೆಗೊರಗಿ ಕಣ್ಣು ಮುಚ್ಚುತ್ತಾಳೆ. ಆತ ಕತ್ತರಿ ನಿಲ್ಲಿಸಿ, ಯಂತ್ರವನ್ನು ಗಂಟಲಿಗಿಟ್ಟು ಒಂದಿಷ್ಟು ಹೇಳಿ, ತಿರುಗಿ ಆಕೆಯ ಕಡೆ ನೋಡುತ್ತಾನೆ. ಆಕೆ ಕಣ್ಣು ತೆರೆಯದೆ “ಹೂಂ” ಎನ್ನುತ್ತಾಳೆ. ಕೇಳಿಸಿಕೊಂಡು ಅನ್ನುತ್ತಾಳೋ, ನಿದ್ದೆಯಲ್ಲಿ ಅನ್ನುತ್ತಾಳೋ, ಇಷ್ಟು ದಿನ ಪಕ್ಕದಲ್ಲಿ ಕುಳಿತರೂ ನನಗೆ ತಿಳಿದಿಲ್ಲ. ಆತನಿಗೆ ಅಷ್ಟು ಸಾಕು. ಕತ್ತರಿ ಮತ್ತೆ ಆಡತೊಡಗುತ್ತದೆ.