ರೇಡಿಯೋ ಮಾವ ಸುತ್ತಿದ ಬಿಸಿ ಹಿಡಿಕೆ

ಗುಡ್ಡದ ಮೇಲಿನ ಮನೆಗಳಿಗೆ ಹೋಗಿ ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಬಾಣಂತಿಯರನ್ನು ನೋಡಿ ಬರುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ಸಿಸ್ಟರಮ್ಮ. ಔಷಧಿ ಚೀಲವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಬೆಲ್ಟಿನಿಂದ ಬಿಗಿದು, ಹಳೇ ಮೋಟಾರ್ ಸೈಕಲ್ಲಿಗೆ ಕಿಕ್ ಹೊಡೆದು ಹೊರಟಳೆಂದರೆ ಬೀದಿ ನಾಯಿಗಳೂ ಎದ್ದು ದಾರಿ ಬಿಡುತ್ತಿದ್ದವು. ನಡಿಗೆ ಚುರುಕು, ಮಾತು ಅದಕ್ಕಿಂತ ಚುರುಕು. ಎದುರಿಗಿದ್ದವರು ವಾಕ್ಯ ಮುಗಿಸುವುದರೊಳಗೆ ಉತ್ತರ ಕೊಟ್ಟಾಗಿರುತ್ತಿತ್ತು.

ಗಂಡ ತದ್ವಿರುದ್ಧ. ಮನೆಯ ಮುಂದಿನ ಕೋಣೆಯೇ ಅವನ ರಿಪೇರಿ ಅಂಗಡಿ. ರೇಡಿಯೋ, ಟೇಪ್ ರೆಕಾರ್ಡರ್, ಟಾರ್ಚು, ಏನು ಕೊಟ್ಟರೂ ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದ. ಚಿಕ್ಕವರಿಗೂ ದೊಡ್ಡವರಿಗೂ ಅವನು ರೇಡಿಯೋ ಮಾವ. ಒಂದು ರೇಡಿಯೋ ಕೈಗೆ ಬಂದರೆ ಅದು ಯಾಕೆ ಕೆಟ್ಟಿತು, ಹಿಂದೆ ಯಾರು ಬಿಚ್ಚಿದ್ದರು, ಯಾವ ಸ್ಕ್ರೂ ತಪ್ಪು ಹಾಕಿದ್ದರು ಎಂದು ಅದರ ಜಾತಕವನ್ನೇ ಹೇಳಿ ಮುಗಿಸಿ, ಆಮೇಲೆ ಬೆಸುಗೆ ಕಡ್ಡಿ ಬಿಸಿಗಿಡುತ್ತಿದ್ದ. ಗಿರಾಕಿ ಅಷ್ಟರಲ್ಲಿ ಆಕಳಿಸುತ್ತಿದ್ದ.

ಚಳಿ ಶುರುವಾದರೆ ಸಿಸ್ಟರಮ್ಮನ ಬೆರಳುಗಳು ಬಿಳಿಚಿಕೊಳ್ಳುತ್ತಿದ್ದವು. ಉಣ್ಣೆಯ ಕೈಗವಸು ಹಾಕಿದರೂ ಅಷ್ಟೇ. ರೋಗಿಯ ಮನೆ ಮುಟ್ಟಿದ ಮೇಲೆ ಒಲೆಯ ಮುಂದೆ ಕೈ ಉಜ್ಜಿಕೊಂಡು ಕೂತು, ಜೀವ ಬಂದ ಮೇಲೇ ಸೂಜಿ ಮುಟ್ಟಬೇಕು. ಗಂಡ ಇದನ್ನು ನೋಡುತ್ತಿದ್ದ. ಎಲ್ಲಿಂದಲೋ ಕರೆಂಟು ಹರಿದರೆ ಬಿಸಿಯಾಗುವ ಕೂದಲಿನಂಥ ತಂತಿ ತಂದ. ಹ್ಯಾಂಡಲ್ಲಿನ ಎರಡು ಹಿಡಿಕೆಗಳ ಒಳಗೆ ಅದನ್ನು ಸುತ್ತು ಸುತ್ತಾಗಿ, ಒಂದಕ್ಕೊಂದು ತಾಗದಂತೆ ಸುತ್ತಿದ. ತುಂಡಾಯಿತು, ಮತ್ತೆ ಸುತ್ತಿದ. ಒಂದು ಕಡೆ ಸುಡುವಷ್ಟು ಬಿಸಿ, ಇನ್ನೊಂದು ಕಡೆ ತಣ್ಣಗೆ. ಬಿಚ್ಚಿ ಮತ್ತೆ ಸುತ್ತಿದ. ಆ ಚಳಿಗಾಲ ಪೂರ್ತಿ ಅದೇ ಕೆಲಸ. ಕೊನೆಗೆ ರಬ್ಬರ್ ತೊಡಿಸಿ, ಹೆಬ್ಬೆರಳಿಗೆ ಸಿಗುವಂತೆ ಒಂದು ಸ್ವಿಚ್ಚಿಟ್ಟ.

ಮೊದಲ ದಿನ ಗುಡ್ಡ ಹತ್ತಿ ಇಳಿದು ಬಂದವಳು ಹೆಲ್ಮೆಟ್ ತೆಗೆಯುವ ಮೊದಲೇ, "ಏನ್ರೀ ಇದು! ಎರಡೂ ಕೈಯಲ್ಲಿ ಕಾಫಿ ಲೋಟ ಹಿಡ್ಕೊಂಡು ಹೋದ ಹಾಗಿತ್ತು!" ಅಂದಳು. ಅವನು ಆ ದಿನವೆಲ್ಲ ಅಂಗಡಿಗೆ ಬಂದವರಿಗೆಲ್ಲ ಕಾಫಿ ಲೋಟದ ಮಾತು ಹೇಳಿ ಹೇಳಿ ನಕ್ಕ.

ಹಲವು ಚಳಿಗಾಲ ಆ ಹಿಡಿಕೆ ತೊಂದರೆ ಕೊಡಲಿಲ್ಲ. ಆಮೇಲೊಂದು ವರ್ಷ ಕೈ ಕೊಟ್ಟಿತು. ಸುಮ್ಮನೆ ನಿಂತಿದ್ದಾಗ ಬಿಸಿ, ರಸ್ತೆಗೆ ಇಳಿದರೆ ತಣ್ಣಗೆ. ಕೆಲವೊಮ್ಮೆ ಗುಂಡಿಗೆ ಬಿದ್ದರೆ ಚುರುಕ್ ಅಂತ ಬಿಸಿಯಾಗಿ ಮತ್ತೆ ಸತ್ತುಹೋಗುತ್ತಿತ್ತು. ಗಂಡ ಫ್ಯೂಸ್ ನೋಡಿದ, ಸರಿಯಿತ್ತು. ಸ್ವಿಚ್ ಬಿಚ್ಚಿ ಒರೆಸಿದ, ಅದೂ ಸರಿಯಿತ್ತು. ಮೋಟಾರ್ ಸೈಕಲ್ ಪಕ್ಕ ಮಣೆ ಹಾಕಿಕೊಂಡು ಕೂತು ಯೋಚಿಸಿ ಹೇಳಿದ:

"ಹಿಡಿಕೇಲಿ ಏನೂ ಇಲ್ಲ ಕಣೇ. ಹ್ಯಾಂಡಲ್ ತಿರುಗೋ ಕಡೆ ತಂತಿ ಒಳಗೊಳಗೇ ತುಂಡಾಗಿರಬೇಕು. ಮೇಲಿನ ಪ್ಲಾಸ್ಟಿಕ್ ಹಾಗೇ ಇರುತ್ತೆ, ಕಣ್ಣಿಗೆ ಕಾಣಲ್ಲ. ನಾನು ಟ್ಯಾಂಕ್ ಕೆಳಗೆ ತಂತಿಗೆ ಬಲ್ಬ್ ತಾಗಿಸಿ ಹಿಡೀತೀನಿ, ನೀನು ಮೇಲೆ ಕೂತು ನಿಧಾನಕ್ಕೆ ಹ್ಯಾಂಡಲ್ ತಿರುಗಿಸು, ಬಲ್ಬ್ ಆರಿದ ಕಡೆ ತುಂಡು. ಐದು ನಿಮಿಷ."

"ನಿಮ್ಮ ಐದು ನಿಮಿಷ ನಂಗೊತ್ತಿಲ್ವಾ? ಅರ್ಧ ದಿನ ಆಗುತ್ತೆ. ಭಾನುವಾರ ನೋಡೋಣ ಬಿಡಿ."

ಭಾನುವಾರ ಬಟ್ಟೆ ಒಗೆಯುವುದಿತ್ತು. ಮತ್ತೊಂದು ಭಾನುವಾರ ಹೆರಿಗೆಗೆ ಕರೆ ಬಂತು. ಅವನು ಪ್ರತಿ ಸಲವೂ ಬಲ್ಬು, ತಂತಿ, ಇಕ್ಕಳ ಎಲ್ಲ ಜೋಡಿಸಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದ. ಹ್ಯಾಂಡಲ್ ತಿರುಗಿಸುವುದಕ್ಕೆ ಬೀದಿಯಲ್ಲಿ ಯಾರನ್ನು ಕರೆದಿದ್ದರೂ ಬರುತ್ತಿದ್ದರು. ಅವನು ಯಾರನ್ನೂ ಕರೆಯಲಿಲ್ಲ.

ಒಂದು ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು. ಗುಡ್ಡದ ಮೇಲಿನ ಮನೆಯ ಅಜ್ಜಿಗೆ ನರಕ್ಕೆ ಇಂಜೆಕ್ಷನ್ ಕೊಡಬೇಕು. ಸಿಸ್ಟರಮ್ಮನ ಬೆರಳುಗಳಿಗೆ ನರ ಸಿಗಲಿಲ್ಲ. ಚುಚ್ಚಿದಳು, ತಪ್ಪಿತು. ಮತ್ತೆ ಚುಚ್ಚಿದಳು. ಅಜ್ಜಿ ಹಲ್ಲು ಕಚ್ಚಿ ಸಹಿಸಿಕೊಂಡು, "ಇವತ್ತು ನಿನ್ನ ಕೈಯಲ್ಲಿ ಜೀವ ಇಲ್ಲ ಕಣಮ್ಮ" ಅಂತ ಮೆಲ್ಲಗೆ ಅಂದಳು. ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಆ ಸಿಟ್ಟಿನಲ್ಲೇ ಇಳಿದು ಬಂದವಳು ಮನೆಗೆ ಹೋಗದೆ ನೇರ ಪೇಟೆಯ ವರ್ಕ್‌ಶಾಪಿಗೆ ಹೋದಳು. ಅಲ್ಲಿನ ಮೆಕ್ಯಾನಿಕ್ ಕೆಲಸದಲ್ಲಿ ಅವಳಷ್ಟೇ ಚುರುಕು. ಹಿಡಿಕೆಯ ರಬ್ಬರನ್ನು ಬ್ಲೇಡಿನಿಂದ ಸೀಳಿ, ಒಳಗಿನ ಸುತ್ತು ನೋಡಿ ನಕ್ಕ.

"ಇದ್ಯಾರು ಮೇಡಂ ಮಾಡಿದ್ದು? ಸ್ವೆಟರ್ ಹೆಣೆದ ಹಾಗೆ ಹೆಣೆದಿದ್ದಾರಲ್ಲ!"

ನನ್ನ ಯಜಮಾನರು ಎಂಬ ಮಾತು ನಾಲಗೆ ತುದಿಯವರೆಗೂ ಬಂತು. "ಯಾರೋ ಮಾಡಿದ್ದು. ಹಳೇದು. ತೆಗೆದು ಹಾಕಿ, ಹೊಸದು ಹಾಕಿ" ಅಂದಳು.

ಅವನು ಕಿತ್ತು ಮೂಲೆಯ ಡಬ್ಬಕ್ಕೆ ಎಸೆದ. ಕಂಪನಿಯ ಹೊಸ ಹಿಡಿಕೆ ಹಾಕಿ, ಹಳೇ ತಂತಿಗಳಿಗೇ ಎಳೆದು ಕಟ್ಟಿ ಕೊಟ್ಟ. ಮನೆ ಮುಟ್ಟುವವರೆಗೂ ಬಿಸಿಯಾಗಿಯೇ ಇತ್ತು.

ಗಂಡ ಹೊರಗೆ ಬಂದು ಹ್ಯಾಂಡಲ್ ಮುಟ್ಟಿ ನೋಡಿದ. "ಹಳೇದು ಎಲ್ಲಿ?"

"ಅಲ್ಲೇ ಬಿಟ್ಟೆ."

"ಓಹೋ" ಅಂದ. ಹಿಡಿಕೆಯಿಂದ ಕೈ ತೆಗೆದು, "ಊಟಕ್ಕೆ ಏನು ಮಾಡ್ಲಿ?" ಅಂತ ಕೇಳಿ ಒಳಗೆ ಹೋದ. ಜಗಳವಾಗಲಿಲ್ಲ. ಬಚಾವಾದೆ ಅಂದುಕೊಂಡಳು ಸಿಸ್ಟರಮ್ಮ.

ಕೆಲವು ದಿನ ಕಳೆದ ಮೇಲೆ ಹೊಸ ಹಿಡಿಕೆಯೂ ಸತ್ತಿತು. ಮೆಕ್ಯಾನಿಕ್ ಪೀಸೇ ಸರಿಯಿಲ್ಲ ಅಂತ ಬೇರೆ ಹಾಕಿದ. ಅದರದೂ ಅದೇ ಕಥೆ. ಆಗ ಅವಳು ಗಂಡನ ಮೇಜಿನ ಹತ್ತಿರ ಹೋಗಿ, ಎಂದೂ ಇಲ್ಲದ ಮೆದು ದನಿಯಲ್ಲಿ, "ರೀ, ಸ್ವಲ್ಪ ನೋಡ್ತೀರಾ?" ಅಂದಳು.

"ಅದು ನಂದಲ್ವಲ್ಲ, ವರ್ಕ್‌ಶಾಪಿನವರದು. ಅವರಿಗೇ ತೋರಿಸು." ದನಿಯಲ್ಲಿ ಕೋಪ ಹುಡುಕಿದರೂ ಸಿಗಲಿಲ್ಲ. ಅವನ ಮುಂದಿನ ಮೇಜು ಖಾಲಿ ಇರುವುದನ್ನು ಅವಳು ಅವತ್ತೇ ಗಮನಿಸಿದ್ದು. ಮೊದಲು ರೇಡಿಯೋಗಳ ನಡುವೆ ಟೀ ಲೋಟ ಇಡಲು ಜಾಗ ಹುಡುಕಬೇಕಿತ್ತು. ಈಗ ರಿಪೇರಿಗೆ ತರುವವರೇ ಇರಲಿಲ್ಲ. ಎಷ್ಟು ಸಮಯದಿಂದ ಹೀಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಆ ಭಾನುವಾರ ಅವನು ಸಂತೆಗೆ ಹೋಗಿದ್ದಾಗ ಅವಳೇ ಮಣೆ ಹಾಕಿಕೊಂಡು ಕೂತಳು. ಟ್ಯಾಂಕ್ ಎತ್ತಿ ಕೆಳಗಿಟ್ಟಳು. ಅವನ ಬಲ್ಬಿನ ಒಂದು ತಂತಿಯನ್ನು ಬ್ಯಾಟರಿಗೆ ಕಚ್ಚಿಸಿದಳು. ಇನ್ನೊಂದನ್ನು ಹಿಡಿದುಕೊಂಡು ಹ್ಯಾಂಡಲ್ ತಿರುಗಿಸಲು ಕೈ ಸಾಲದು. ಯೋಚಿಸಿ, ಚೀಲದಿಂದ ಇಂಜೆಕ್ಷನ್ ಸೂಜಿ ತೆಗೆದು ಹಿಡಿಕೆಗೆ ಸೇರುವ ಹಳೇ ಕಪ್ಪು ತಂತಿಗೆ ಚುಚ್ಚಿ, ಬಲ್ಬಿನ ತುದಿಯನ್ನು ಅದಕ್ಕೆ ಸಿಕ್ಕಿಸಿದಳು. ನರ ಹುಡುಕುವವಳಿಗೆ ಇದೇನು ಮಹಾ. ಬಲ್ಬು ಹೊತ್ತಿತು. ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದಳು, ಉರಿಯುತ್ತಲೇ ಇತ್ತು. ಎಡಕ್ಕೆ ತಿರುಗಿಸಿದಳು, ಆರಿತು. ನೆಟ್ಟಗೆ ಮಾಡಿ ಅಲ್ಲಾಡಿಸಿದರೆ ಮಿಣಮಿಣ. ಹ್ಯಾಂಡಲ್ಲಿನ ಕುತ್ತಿಗೆಯ ಹತ್ತಿರ ತಂತಿ ಒತ್ತಿ ನೋಡಿದಾಗ ಒಂದು ಕಡೆ ಮೆತ್ತಗೆ ಸಿಕ್ಕಿತು. ಪ್ಲಾಸ್ಟಿಕ್ ಸೀಳಿದಳು. ಒಳಗೆ ತಾಮ್ರ ಹಸಿರುಗಟ್ಟಿ ತುಂಡಾಗಿತ್ತು.

ಸಿಕ್ಕಿತು ಅಂತ ಕೂಗುವಷ್ಟು ಖುಷಿಯಾಯಿತು. ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಅವನ ಹಿಡಿಕೆಗೆ ಏನೂ ಆಗಿರಲಿಲ್ಲ.

ತುಂಡನ್ನು ಸೇರಿಸಿ ಟೇಪ್ ಸುತ್ತಿ ಟ್ಯಾಂಕ್ ಹಾಕಿದಳು. ಮರುದಿನ ವರ್ಕ್‌ಶಾಪಿಗೆ ಹೋಗಿ ಹಳೇ ಹಿಡಿಕೆ ಕೇಳಿದಳು. ಮೆಕ್ಯಾನಿಕ್‌ಗೆ ನೆನಪೇ ಇಲ್ಲ. "ಅದಾ? ಗುಜರಿಯವರು ಡಬ್ಬ ಸಮೇತ ಎತ್ಕೊಂಡು ಹೋದ್ರು. ಅದ್ಯಾಕೆ ಮೇಡಂ ಈಗ?"

"ನಮ್ಮ ಯಜಮಾನರು ಮಾಡಿದ್ದು" ಅಂದಳು.

ಅವನು ಪಾಪ, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಅವತ್ತೇ ಹೇಳೋದಲ್ವಾ ಮೇಡಂ" ಅಂದ.

ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿದಳು. ವರ್ಕ್‌ಶಾಪಿನಲ್ಲಿ ಯಾರೋ ಮಾಡಿದ್ದು ಅಂದದ್ದನ್ನೂ ಬಚ್ಚಿಡಲಿಲ್ಲ.

"ಹಿಡಿಕೆ ಸರಿ ಇದೆ ಅಂತ ನಿಮಗೆ ಗೊತ್ತಿತ್ತಲ್ವಾ? ನನ್ನ ಹಿಡಿದು ಕೂರಿಸಿ ಹೇಳಬಾರದಿತ್ತಾ?"

"ಹೇಳ್ತಾನೇ ಇದ್ನಲ್ಲೇ, ಬಾ ಕೂತ್ಕೊ ಅಂತ."

ಸಿಸ್ಟರಮ್ಮ ಮಣೆ ಎಳೆದುಕೊಂಡು ಅವನ ಪಕ್ಕ ಕೂತು, "ತಂತಿ ತಂದುಕೊಡ್ತೀನಿ, ಇನ್ನೊಂದು ಸಲ ಸುತ್ತಿ ಕೊಡಿ" ಅಂದಳು.

"ಕಣ್ಣು ಮೊದಲಿನ ಹಾಗಿಲ್ಲ ಕಣೇ. ಕಂಪನಿಯದು ಚೆನ್ನಾಗೇ ಇದೆಯಲ್ಲ, ಬಿಡು."

ಅವಳು ಬಿಡಲಿಲ್ಲ, ತಂತಿ ತಂದೇ ತಂದಳು. ಅವನೂ ಅವಳಿಗೆ ಬೇಸರ ಮಾಡಬಾರದೆಂದು ಬೆಳಕಿಗೆ ಹಿಡಿದು ಸುತ್ತಲು ಕೂತ. ಸುತ್ತುಗಳು ಒಂದರ ಮೇಲೊಂದು ಏರಿದವು. ಬಿಚ್ಚಿದ, ಮತ್ತೆ ಸುತ್ತಿದ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಆಮೇಲೆ ನೋಡೋಣ" ಅಂತ ಎದ್ದ. ಅವಳು ಮತ್ತೆ ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವನೇ ಏಣಿ ಹಾಕಿ ಅಂಗಡಿಯ ಬೋರ್ಡ್ ಇಳಿಸಿದ. ಮುಂದಿನ ಕೋಣೆಗೆ ಒಬ್ಬ ದರ್ಜಿ ಬಾಡಿಗೆಗೆ ಬಂದ. ಮಾತುಗಾರ, ಒಳ್ಳೆಯ ಮನುಷ್ಯ. ರೇಡಿಯೋ ಮಾವ ಬೆಳಗಾದರೆ ಅವನ ಎದುರು ಸ್ಟೂಲಿನ ಮೇಲೆ ಕೂತು ಹರಟುತ್ತಾನೆ. ಅಡುಗೆಮನೆಯವರೆಗೂ ಮಾವನ ನಗು ಕೇಳಿಸುತ್ತದೆ. ಒಳಗೆ ಬಂದರೆ ಊಟ, ಔಷಧಿ, ನಾಳೆಯ ತರಕಾರಿ, ಇಷ್ಟೇ ಮಾತು.

ಮೊನ್ನೆ ದರ್ಜಿಯ ಹೊಲಿಗೆ ಮಷೀನಿನ ಮೋಟಾರು ನಿಂತುಹೋಯಿತು. ಅವನು ಫೋನ್ ಮಾಡಿ ಪೇಟೆಯಿಂದ ರಿಪೇರಿಯವನನ್ನು ಕರೆಸಿದ. ರೇಡಿಯೋ ಮಾವ ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ, ಅವನು ಬಿಚ್ಚುವುದನ್ನೇ ನೋಡುತ್ತಾ ನಿಂತಿದ್ದ. ಇವರಿಗೂ ಬರುತ್ತೆ, ಇವರನ್ನೇ ಕೇಳಬಹುದಿತ್ತು ಎಂದು ದರ್ಜಿಗೆ ಹೇಳಬೇಕೆಂದು ಸಿಸ್ಟರಮ್ಮ ಬಾಗಿಲವರೆಗೂ ಬಂದಳು. ಹೇಳಿದರೆ ಗಂಡನಿಗೆ ಖುಷಿಯಾಗುತ್ತದೋ, ಇನ್ನೂ ನೋವಾಗುತ್ತದೋ ತಿಳಿಯಲಿಲ್ಲ. ಅವಳು ಹಾಗೆ ನಿಂತಿದ್ದಂತೆಯೇ ರಿಪೇರಿಯವನು ಕೆಲಸ ಮುಗಿಸಿ ಚೀಲ ಕಟ್ಟಿಕೊಂಡ.