ಹೂದಾನಿಯ ಹಿಂಬದಿ

ಒತೊನಿಯೆಲ್ ನಲವತ್ತೆರಡು ವರ್ಷ ಹೂ ಹೊತ್ತವನು. ಯೌವನದಲ್ಲಿ ಮೆದೆಯಿನ್ ಪೇಟೆಯಲ್ಲಿ ಮಾರುವುದಕ್ಕಾಗಿ, ಮುಂದೆ ಆಗಸ್ಟ್ ತಿಂಗಳ ಹೂಹಬ್ಬದ ಮೆರವಣಿಗೆಗಾಗಿ, ಸಿಯೆತಾ ಎಂಬ ಮರದ ಚೌಕಟ್ಟನ್ನು ಬೆನ್ನಿಗೆ ಬಿಗಿದುಕೊಂಡು ಸಾಂತಾ ಎಲೆನಾದ ಗುಡ್ಡದಿಂದ ಇಳಿಯುತ್ತಿದ್ದನು. ಅದರಲ್ಲಿ ಹೂಗಳೆಲ್ಲವೂ ಹಿಂದೆ ಬರುವವರತ್ತ ಮುಖಮಾಡಿರಬೇಕು. ಹೊತ್ತವನ ಬೆನ್ನಿಗೆ ತಾಗುವುದು ಬರಿಯ ದಂಟು. ತಾನು ಹೊತ್ತ ಚೆಲುವನ್ನು ನಡೆಯುವಾಗ ತಾನೇ ಕಾಣದಿರುವ ಈ ಪಾಡನ್ನು ದೇವರು ಕಲಿಸಿದ ವಿನಯವೆಂದೇ ಅವನು ಭಾವಿಸಿದ್ದನು.

ಊಟದ ಮೇಜಿನ ಮೇಲಿನ ಹೂದಾನಿಗೆ ಮಾತ್ರ ಅವನು ಕೈ ಹಚ್ಚಿದವನಲ್ಲ. ಅದು ಹೆಂಡತಿ ನೂಬಿಯಾಳ ಆಳ್ವಿಕೆ. ಪ್ರತಿ ಶನಿವಾರ ಮಾತೆ ಮರಿಯಳ ಹೆಸರಿನಲ್ಲಿ ಹಳೆಯ ಹೂ ತೆಗೆದು, ಹೊಸ ನೀರು ತುಂಬಿ, ದಂಟುಗಳನ್ನು ಓರೆಯಾಗಿ ಕತ್ತರಿಸಿ ಅವಳೇ ಜೋಡಿಸಬೇಕು.

ಅವಳ ಎಡಗಣ್ಣು ಬಾಲ್ಯದಲ್ಲಿಯೇ ಹೋಗಿತ್ತು. ಉಳಿದ ಬಲಗಣ್ಣಿಗೆ ಪೊರೆ ಕವಿಯುತ್ತಿದ್ದ ಎರಡು ವರ್ಷವೂ ಅವಳು “ಚೆನ್ನಾಗೇ ಕಾಣತ್ತೆ ಬಿಡ್ರೀ” ಎಂದು ಗಂಡನನ್ನು ನಂಬಿಸುತ್ತ, ಬೆರಳಿನಿಂದಲೂ ಮೂಗಿನಿಂದಲೂ ಹೂವನ್ನು ಗುರುತಿಸುತ್ತ ಕಾಲ ನೂಕಿದ್ದಳು. ಕಡೆಗೊಂದು ಶನಿವಾರ ಬಿಳಿಯ ಕಾರ್ನೇಶನ್ ಹೂಗಳ ನಡುವೆ ಕಡುಗೆಂಪಿನವನ್ನೂ ಸಿಕ್ಕಿಸಿ, “ಇವತ್ತು ಎಲ್ಲಾ ಬಿಳೀದೇ, ನೋಡಿ” ಎಂದು ಬೀಗಿದಾಗ ಗುಟ್ಟು ರಟ್ಟಾಯಿತು.

ಶಸ್ತ್ರಚಿಕಿತ್ಸೆ ನಿನ್ನೆ ಆಗಿತ್ತು. ಪಟ್ಟಿಯನ್ನು ಇಂದು ಮನೆಯಲ್ಲಿಯೇ ಬಿಚ್ಚಬಹುದೆಂದು ವೈದ್ಯರು ಹೇಳಿದ್ದರು. ಇಂದು ಶನಿವಾರ. ಒತೊನಿಯೆಲ್ ಮಂಜು ಕರಗುವ ಮುನ್ನವೇ ತೋಟಕ್ಕಿಳಿದು ಸೇವಂತಿಗೆ, ಕಾರ್ನೇಶನ್, ನೀಲಿಯ ಅಗಪಾಂಥಸ್ ಕೊಯ್ದು ತಂದು, ಜೀವಮಾನದಲ್ಲಿ ಮೊದಲ ಸಲ ಹೂದಾನಿಯನ್ನು ತುಂಬಿದನು. ಹೆಂಡತಿಯ ಕಣ್ಣು ತೆರೆದರೆ ಮೊದಲು ಕಾಣಬೇಕಾದದ್ದು ಅದು. ತೆರೆಯದಿದ್ದರೆ? ಆ ಯೋಚನೆಯನ್ನು ಅವನು ಪ್ರಾರ್ಥನೆಯಿಂದ ಅದುಮಿದನು.

ಕಿಟಕಿಯ ಬಳಿಯ ಕುರ್ಚಿಯಲ್ಲಿ ಕುಳಿತ ತಾಯಿಯ ಪಟ್ಟಿಯನ್ನು ಮಗಳು ಯಾನೆತ್ ಮೆಲ್ಲನೆ ಬಿಡಿಸಿದಳು. ನೂಬಿಯಾ ರೆಪ್ಪೆ ಬಡಿದಳು.

“ಅಮ್ಮಾ, ಕಾಣ್ತಿದ್ಯಾ?”

“ಹೂಂ. ಚೆನ್ನಾಗೇ ಕಾಣತ್ತೆ.”

ಒತೊನಿಯೆಲ್ ಎರಡು ವರ್ಷ ಕೇಳಿದ ಅದೇ ಮಾತು, ಅದೇ ದನಿ.

“ನಿಜ ಹೇಳೇ, ನೂಬಿಯಾ. ನನ್ನ ಸಮಾಧಾನಕ್ಕೆ ಹೇಳ್ಬೇಡ.”

ಅವಳು ಮೇಜಿನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದಳು.

“ಇದ್ಯಾರ್ರೀ ಹೀಗೆ ಜೋಡಿಸಿದ್ದು?”

“ನಾನೇ.”

“ಅದೇ ಅಂದ್ಕೊಂಡೆ! ಹೂದಾನೀನೂ ಸಿಯೆತಾ ಮಾಡಿಟ್ಟಿದ್ದೀರಲ್ಲ. ಹೂವೆಲ್ಲಾ ಬಾಗಿಲ ಕಡೆ, ನನಗೆ ಬರೀ ಕಡ್ಡಿ. ಹೆಂಡ್ತಿ ಕೂತಿರೋದು ಯಾವ ಕಡೆ, ಯೋಚನೆ ಬೇಡ್ವಾ? ಜೊತೆಗೊಬ್ಬ ನೆಂಟನ್ನ ಬೇರೆ ಕರ್ಕೊಂಡು ಬಂದಿದ್ದೀರ.”

“ಯಾವ ನೆಂಟ?”

“ಆ ಸೇವಂತಿಗೆ ಎಲೆ ಕೆಳಗೆ. ಬಸವನಹುಳು. ಕೊಂಬು ಆಡಿಸ್ತಾ ನನ್ನೇ ನೋಡ್ತಿದೆ.”

ಒತೊನಿಯೆಲ್ ಮೇಜನ್ನು ಸುತ್ತಿ ಹಿಂಬದಿಗೆ ಬಂದು ಬಗ್ಗಿದನು. ಕಡಲೆಕಾಳಿಗಿಂತ ದೊಡ್ಡದಲ್ಲದ ಹುಳು, ಚಿಪ್ಪಿನಿಂದ ಅರ್ಧ ಹೊರಬಂದು, ನಿಜವಾಗಿಯೂ ಕೊಂಬಾಡಿಸುತ್ತಿತ್ತು. ತನಗೇ ಕಾಣದೆ ಮನೆಯೊಳಗೆ ಬಂದದ್ದನ್ನು ಅವಳು ಎರಡು ಮಾರು ದೂರದಿಂದ ಕಂಡಿದ್ದಳು. ಅವನು ಮೇಜಿನಂಚನ್ನು ಹಿಡಿದು ನಿಂತನು. ಎಷ್ಟೋ ತಿಂಗಳಿಂದ ಹೆಗಲಮೇಲಿದ್ದ ಹೊರೆಯ ಪಟ್ಟಿಯನ್ನು ಯಾರೋ ಬಿಚ್ಚಿದಂತೆ ಮೈ ಹಗುರಾಯಿತು.

“ಅಪ್ಪಾ, ಅಳ್ತಿದ್ದೀಯಾ?” ಎಂದಳು ಯಾನೆತ್.

“ಬಯ್ಯೋಕೆ ಹೇಳೇ ನಿಮ್ಮಮ್ಮನಿಗೆ,” ಎಂದನವನು. “ಇನ್ನೂ ಬಯ್ಯಲಿ.”

“ಬಯ್ಯೋದೇನು, ಆ ಹೂದಾನಿ ಇತ್ತ ತನ್ನಿ. ನೀರೊಳಗೆ ಎಲೆ ಬಿಟ್ಟಿದ್ದೀರ, ನಾಳೆಗೇ ಕೊಳೆಯತ್ತೆ. ಮೊದಲು ಆ ಹುಳೂನ ಆಚೆ ಹಾಕಿ. ಉಪ್ಪು ಹಾಕೋದು ಮರೀಬೇಡಿ, ಇಲ್ಲಾಂದ್ರೆ ತೋಟ ಉಳಿಯಲ್ಲ.”

ನಲವತ್ತು ವರ್ಷ ಈ ಹುಳುಗಳ ಮೇಲೆ ಉಪ್ಪು ಸುರಿದ ಒತೊನಿಯೆಲ್ ಅಂದು ಹುಳುವಿದ್ದ ಎಲೆಯನ್ನು ಕಿತ್ತು ಅಂಗೈಮೇಲಿಟ್ಟು, ಪವಿತ್ರ ಪ್ರಸಾದವನ್ನು ಒಯ್ಯುವವನಂತೆ ಅಂಗಳಕ್ಕೆ ನಡೆದನು. ಅತ್ತಿತ್ತ ನೋಡಿ ಹುಳುವನ್ನು ತನ್ನ ಅತ್ಯುತ್ತಮ ಕಾರ್ನೇಶನ್ ಸಾಲಿನ ಬುಡದಲ್ಲಿ ಇಳಿಸಿದನು.

“ಉಪ್ಪು ಹಾಕಿದ್ರಾ?” ಒಳಗಿನಿಂದ ದನಿ ಬಂದಿತು.

“ಹಾಕ್ದೆ, ಹಾಕ್ದೆ.”

“ಸುಳ್ಳು! ಕಿಟಕೀಲಿ ಎಲ್ಲಾ ಕಾಣ್ತಿದೆ.”