ಕೆಂಪು ಪೆನ್ಸಿಲ್ಲಿನ ಮನೆ

ನಮ್ಮ ಸಮಾಜಶಾಸ್ತ್ರದ ಸರ್ ಅವರ ಬಲಗೈ ತೋರುಬೆರಳಿನ ಉಗುರಲ್ಲಿ ಯಾವಾಗಲೂ ಬೆಳ್ಳಗೆ ಏನಾದರೂ ಮೆತ್ತಿಕೊಂಡಿರುತ್ತಿತ್ತು. ತರಗತಿಯಲ್ಲಿದ್ದರೆ ಚಾಕ್‌ಪೀಸಿನ ಪುಡಿ, ಹೊರಗಿದ್ದರೆ ಎಲೆಗೆ ಹಚ್ಚುವ ಸುಣ್ಣ. ಹುಟ್ಟಿದ್ದು ಹಿರೇಕೆರೂರ ಕಡೆಯ ಹಳ್ಳಿಯಲ್ಲಿ, ಬಾಡಿಗೆಮನೆ ಮಾಡಿದ್ದು ಸವಣೂರಲ್ಲಿ, ಕಲಿಸುತ್ತಿದ್ದದ್ದು ಶಿಗ್ಗಾಂವಿಯ ನಮ್ಮ ಕಾಲೇಜಿನಲ್ಲಿ. ಶಿಗ್ಗಾಂವಿಯಲ್ಲೇ ಮನೆ ಮಾಡಬಹುದಲ್ಲ ಅಂದರೆ, "ಎಲಿ ಅಲ್ಲಿ ಚಲೋ ಸಿಗತಾವರಿ" ಅನ್ನುತ್ತಿದ್ದರು. ಅದಕ್ಕಾಗಿ ದಿನಾ ಬಸ್ಸಿನಲ್ಲಿ ನಿಂತು ಬರುತ್ತಿದ್ದ ಮನುಷ್ಯ.

ನಮಗೆಲ್ಲ 'ರೀ' ಹಚ್ಚಿ ಮಾತಾಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವವನಿಗೂ "ಏಳ್ರಿ, ಮಾರಿ ತೊಳಕೊಂಡ ಬರ್ರಿ" ಎಂದೇ ಹೇಳುವುದು. ಸಂಘರ್ಷ ಸಿದ್ಧಾಂತದ ಪಾಠವನ್ನು ಅವರು ಪುಸ್ತಕ ತೆಗೆಯದೆ ಶುರು ಮಾಡಿದರು.

"ಸಮಾಜ ಅಂದ್ರ ಒಂದ ದೊಡ್ಡ ಮನೆತನ, ಎಲ್ಲಾರೂ ಹೊಂದಿಕೊಂಡ ಇರ್ತಾರ ಅಂತ ಹೋದ ವಾರ ಓದಿದ್ರಿ. ಇವತ್ತ ಅದನ್ನ ಬಾಜೂಕ ಇಡ್ರಿ. ಬುಟ್ಟಿಯಾಗ ರೊಟ್ಟಿ ನಾಕು, ಉಣ್ಣಾವರು ಆರು ಮಂದಿ. ಮೊದಲ ಏನ ಕೇಳತೀರಿ?"

ಯಾರೋ, ಇನ್ನೆರಡು ರೊಟ್ಟಿ ಬಡಿಯಬೇಕು ಅಂದರು. ಸರ್ ತಲೆಯಾಡಿಸಿದರು. "ಬಡಸಾವರು ಯಾರು ಅಂತ ಕೇಳ್ರಿ. ಜಗಳ ರೊಟ್ಟಿದಲ್ಲ, ಬಡಸೂ ಕೈದು."

ಆ ವರ್ಷ ಅವರು ನಮ್ಮನ್ನು ಹಳ್ಳಿಗಳಿಗೆ ಕಳಿಸಿ ನಕ್ಷೆ ಬರೆಸಿದರು. ಊರಿನ ಒಂದೊಂದು ಮನೆಯೂ ಅದರಲ್ಲಿ ಇರಬೇಕು. ಪಂಚಾಯ್ತಿಯಿಂದ ಮನೆಯೋ ನಲ್ಲಿಯೋ ಏನಾದರೂ ಬಂದ ಮನೆಗೆ ಕೆಂಪು ಪೆನ್ಸಿಲ್ಲು, ಏನೂ ಬರದ ಮನೆಗೆ ನೀಲಿ. ಒಂದು ಕಟ್ಟುನಿಟ್ಟು ಇತ್ತು. "ಪಂಚಾಯ್ತಿ ಗ್ವಾಡಿ ಮ್ಯಾಲಿನ ಯಾದಿ ನೋಡಿ ಬಣ್ಣಾ ಹಚ್ಚಬ್ಯಾಡ್ರಿ. ಬಾಗಲಾ ಬಡೀರಿ, ಒಳಗ ಕುಂದ್ರಿ, ಕೇಳ್ರಿ."

ನನ್ನ ಪಾಲಿಗೆ ನಮ್ಮೂರೇ ಬಂತು. ಸ್ವಂತ ಊರಲ್ಲಿ ಕೇಳುವುದೇನು ಎಂಬ ಸೊಕ್ಕು. ಆದರೂ ಮುಕ್ಕಾಲು ಊರಿನ ಬಾಗಿಲು ಬಡಿದೆ. ಕೊನೆಯ ಓಣಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಪಂಚಾಯ್ತಿಯ ನೆರಳಿನಲ್ಲಿ ನಿಂತು, ಗೋಡೆಗೆ ಹಚ್ಚಿದ ಫಲಾನುಭವಿಗಳ ಯಾದಿ ನೋಡಿ ಆ ಓಣಿಗೆ ಬಣ್ಣ ಹಚ್ಚಿದೆ. ಯಾದಿಯಲ್ಲಿ ಒಂದು ಹೆಸರು ಹಳೆ ಸೀರೆಗಳಿಂದ ಕೌದಿ ಹೊಲಿಯುವ ಹೆಂಗಸಿನ ಸತ್ತ ಗಂಡನದು. ಊರೆಲ್ಲ ಅವಳನ್ನು ಕೌದಿಯವ್ವ ಅನ್ನುತ್ತಿತ್ತು. ಅವಳ ಮನೆ ಕೆಂಪಾಯಿತು.

ನಕ್ಷೆ ನಮ್ಮ ಮನೆಯ ಪಡಸಾಲೆಯಲ್ಲಿ ಎಂಟು ದಿನ ಹಾಸಿಕೊಂಡು ಬಿದ್ದಿತ್ತು. ನಮ್ಮ ಕಾಕಾ ಊರಿನ ಎರಡು ಪಾರ್ಟಿಗಳಲ್ಲಿ ಒಂದರ ಓಡಾಟದವನು. ಅವರ ಪಾರ್ಟಿ ಐದು ವರ್ಷ ಪಂಚಾಯ್ತಿಯ ಹೊರಗೇ ಇತ್ತು. "ಕೆಂಪು ಅಂದ್ರ ಏನಲೇ?" ಎಂದು ಕೇಳಿದ. ನಾನು ದೊಡ್ಡ ಪಂಡಿತನ ಹಾಗೆ ವಿವರಿಸಿದೆ. ಅವನು ಮೊಬೈಲು ತೆಗೆದು ಒಂದು ಫೋಟೋ ಹೊಡೆದುಕೊಂಡ. ಅವನಿಗೂ ಓದು ರುಚಿಸಿತಲ್ಲ ಎಂದು ಖುಷಿಪಟ್ಟೆ.

ಪಂಚಾಯ್ತಿ ಚುನಾವಣೆಯಲ್ಲಿ ಕಾಕಾನ ಪಾರ್ಟಿ ಗೆದ್ದಿತು. ಎಣಿಕೆ ಮುಗಿದ ಸಂಜೆ ಗುಲಾಲು ಎರಚಿಕೊಂಡು ಊರಲ್ಲಿ ಮೆರವಣಿಗೆ ಬಂತು. ಯಾರು ಯಾರಿಗೆ ಏನಂದರೋ, ಕಲ್ಲು ಬೀಳತೊಡಗಿದವು. ಹಂಚು ಒಡೆದವು, ಎರಡು ಮೋಟರ್‌ಸೈಕಲ್ಲು ಸುಟ್ಟವು, ಏಳು ಮಂದಿ ದವಾಖಾನೆ ಸೇರಿದರು. ಕೌದಿಯವ್ವ ಹೊಸ್ತಿಲಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಅವಳ ಎಡಗಣ್ಣು ಹೋಯಿತು. ಸುದ್ದಿ ಕೇಳಿದಾಗ ನಾನು ಚಹಾ ಕುಡಿಯುತ್ತಿದ್ದೆ. ಪೂರ್ತಿ ಕುಡಿದೆ, ಕಪ್ಪು ಬಸಿಯನ್ನೂ ತೊಳೆದಿಟ್ಟೆ. ಒಳಗೆ ಏನೂ ಆಗಲಿಲ್ಲ.

ಮೂರನೇ ದಿನ ಸರ್ ತರಗತಿಗೆ ಬಂದು, "ನಿಮ್ಮ ಗೆಳೆಯನ ಊರಾಗ ಯಾಕ ಹಿಂಗಾತು, ಹೇಳ್ರಿ" ಎಂದರು. ಒಬ್ಬ ರಾಜಕೀಯ ಅಂದ. ಇನ್ನೊಬ್ಬ, ಕುಡಿದಿದ್ದರಂತೆ ಅಂದ.

"ಬಡಸೂ ಕೈ ಬದಲಾತು. ಐದು ವರ್ಷದ ಹಸಿವು ಹಂಗ ಉಳೀತು. ಗೆದ್ದಾವರು ಯಾಕ ಕಲ್ಲ ತೂರಿದ್ರು ಅನ್ನೂದಕ್ಕ ಇದು ಕಾರಣ, ಬರಕೊಳ್ರಿ," ಎಂದು ಬೋರ್ಡಿನ ಕಡೆ ತಿರುಗಿದರು. ಆಮೇಲೆ ಕುಡಿದಿದ್ದರು ಎಂದವನನ್ನೇ ನೋಡಿದರು. "ಆದ್ರ ಒಂದ ಮಾತು. ಕುಡದಾಂವ ಸಿಕ್ಕಸಿಕ್ಕಲ್ಲಿ ಹೊಡೀತಾನರಿ. ಇವರು ಒಂದ ಮನಿ ಬಿಟ್ಟು ಇನ್ನೊಂದಕ್ಕ, ನಾಕ ಬಿಟ್ಟು ಐದನೇದ್ದಕ್ಕ ಹೊಡದಾರ. ಹಳೇ ಪಂಚಾಯ್ತಿ ಬಡಿಸಿದ ಮನಿಗಷ್ಟ. ಯಾವ ಮನಿ ಅಂತ ಅವರಿಗೆ ಹೆಂಗ..."

ಅಲ್ಲಿಗೆ ನಿಂತರು. ಚಾಕ್‌ಪೀಸು ಬೋರ್ಡಿನ ಮೇಲೇ ಇತ್ತು. ತಿರುಗಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ತಮ್ಮ ಪ್ರಶ್ನೆಗೆ ಉತ್ತರ ಅವರಿಗೆ ಅಷ್ಟರಲ್ಲೇ ಸಿಕ್ಕಿತು. ತರಗತಿಯಲ್ಲಿ ಬೇರೆ ಯಾರಿಗೂ ಅದು ಗೊತ್ತಾಗಲಿಲ್ಲ.

ಗಂಟೆ ಹೊಡೆದ ಮೇಲೆ ನೀರಿನ ಟಾಕಿಯ ಹತ್ತಿರ ಕರೆದು ಎಲ್ಲವನ್ನೂ ಕೇಳಿದರು. ಫೋಟೋ, ಕಾಕಾ, ಗೋಡೆಯ ಯಾದಿ, ಬಿಸಿಲು, ಯಾವುದನ್ನೂ ನಾನು ಮುಚ್ಚಿಡಲಿಲ್ಲ. ಸರ್ ಬೈಯಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ನನಗೆ 'ನೀ' ಅಂದರು.

"ನೀ ಆ ಬಾಗಲಾ ಬಡದಿಲ್ಲ ಅಲಾ?"

"ಇಲ್ರಿ ಸರ್."

"ಹೋಗಿ ಬಡದು ಬಾ."

ಮರುವಾರ ಪೊಲೀಸರು ಬಂದರು. ಯಾರದೋ ಮೊಬೈಲಿನಲ್ಲಿ ನಕ್ಷೆಯ ಫೋಟೋ ಸಿಕ್ಕಿತ್ತು. ಪ್ರಾಚಾರ್ಯರ ಕೋಣೆಗೆ ಸರ್ ಅವರನ್ನೂ ನನ್ನನ್ನೂ ಕರೆಸಿದರು. ಅಪ್ಪ ಒಂದು ಕಡೆ ನಿಂತಿದ್ದ, ಕೈಯಲ್ಲಿ ಟೊಪ್ಪಿಗೆ. ನಾನು ಬಾಯಿ ತೆರೆಯುವ ಮೊದಲೇ ಸರ್ ಹೇಳಿದರು: "ನಕ್ಷಾ ನಂದರಿ. ಬಣ್ಣಾ ಹಚ್ಚಿದಾಂವನೂ ನಾನ. ಹುಡುಗರಿಂದ ಮನಿ ಎಣಿಸಿದೆ, ಅಷ್ಟ."

ಅಲ್ಲಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಅಪ್ಪ ನನ್ನ ಭುಜ ಹಿಡಿದು ಹೊರಗೆ ಕರಕೊಂಡು ಬಂದ. ಸರ್ ಅವರ ಮೇಲೆ ವಿಚಾರಣೆಯಾಯಿತು. ಪರೀಕ್ಷೆಗೆ ಮುಂಚೆ ಅವರನ್ನು ಹಾನಗಲ್ಲಿಗೆ ವರ್ಗ ಮಾಡಿದರು. ನಾನು ಒಳ್ಳೆಯ ಅಂಕ ತೆಗೆದು ಪಾಸಾದೆ, ಮುಂದೆ ಓದಿದೆ, ಈಗ ನಾನೂ ಸಮಾಜಶಾಸ್ತ್ರವನ್ನೇ ಕಲಿಸುತ್ತೇನೆ. ಬುಟ್ಟಿ ರೊಟ್ಟಿಯ ಲೆಕ್ಕವನ್ನೂ ಹೇಳುತ್ತೇನೆ. ಹುಡುಗರು ನಗುತ್ತಾರೆ.

ಹಾನಗಲ್ಲಿಗೆ ಒಮ್ಮೆ ಹೋಗಿದ್ದೆ, ಸವಣೂರಿನ ಎಲೆ ಕಟ್ಟಿಸಿಕೊಂಡು. ಅಲ್ಲಿಯ ಎಲೆ ಅವರಿಗೆ ಒಗ್ಗಿರಲಿಲ್ಲ. ಕಟ್ಟು ಬಿಚ್ಚಿ ಮೂಸಿದರು, ಸುಣ್ಣ ಹಚ್ಚುತ್ತ ಕೇಳಿದರು.

"ಬಡದ್ಯಾ?"

"ಇಲ್ರಿ."

ಎಲೆ ಮಡಚಿ ಬಾಯಿಗೆ ಇಟ್ಟುಕೊಂಡರು. ಅಗಿಯುತ್ತ, "ಕಲ್ಲ ಯಾಕ ಬಿತ್ತು ಅಂತ ಪುಸ್ತಕ ಹೇಳತೈತಿ. ಯಾರ ಮ್ಯಾಲ ಬಿತ್ತು ಅಂತ ಹೇಳೂದಿಲ್ಲ. ಅದನ್ನ ನಾವ ಹೋಗಿ ಕೇಳಬೇಕು" ಎಂದರು. ಆಮೇಲೆ ಅಲ್ಲಿಯ ಭತ್ತದ ಬೆಳೆಯ ಬಗ್ಗೆ ಮಾತಾಡಿದರು. ಹೊರಡುವಾಗ ಬಸ್‌ಸ್ಟ್ಯಾಂಡಿನವರೆಗೂ ಬಂದರು.

ಹೋದ ವರ್ಷ ಅವರು ತೀರಿಕೊಂಡರು. ಹಿರೇಕೆರೂರ ಹತ್ತಿರದ ಅವರ ಊರಲ್ಲಿ, ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು. ಬಲಗೈ ಬೆರಳಿನ ಉಗುರು ಬೆಳ್ಳಗಿತ್ತು. ವಿಭೂತಿಯದೋ ಸುಣ್ಣದ್ದೋ ತಿಳಿಯಲಿಲ್ಲ. ಸುತ್ತ ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಮಣ್ಣು ಕೊಟ್ಟು, ಮನೆಗೆ ಹೋಗದೆ ನೇರ ನಮ್ಮೂರಿನ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಆ ಓಣಿಯ ಕೊನೆಯ ಬಾಗಿಲು ಬಡಿದೆ. ಬಾಗಿಲು ಅಂದರೆ ತಗಡು. ಸೊಂಟದ ಮಟ ಗೋಡೆ, ಅದರ ಮೇಲೆ ಮತ್ತೆ ತಗಡು. ಮಂಜೂರಾದ ಮನೆ ಅಷ್ಟಕ್ಕೇ ನಿಂತು ಎಷ್ಟೋ ವರ್ಷವಾಗಿತ್ತು. ಒಮ್ಮೆ ಬಡಿದಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಕೌದಿಯವ್ವ ಒಂದೇ ಕಣ್ಣಿಂದ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದಳು.

"ನಮ್ಮ ಸರ್ ಹೋಗಿಬಿಟ್ರು, ಯವ್ವಾ" ಎಂದೆ.

"ಹೋದ್ರಾ?" ಎಂದು ಸೂಜಿ ಕೆಳಗಿಟ್ಟಳು. "ವರ್ಷಕ್ಕ ಒಮ್ಮೆ ಬರತಿದ್ರು. ಇಲ್ಲೇ ಕುಂದರತಿದ್ರು. ಬಣ್ಣಾ ಹಚ್ಚಿದಾಂವ ನಾನ ಯವ್ವಾ, ತಪ್ಪಾತು ಅಂತ ಮೊದಲನೇ ಸಲಾನ ಹೇಳಿದ್ರು."

"ಅವರಲ್ಲ. ನಾನು."

"ಗೊತ್ತೈತಿ ತಮ್ಮಾ. ಅವರು ಅವತ್ತ ಈ ಮನಿಗೆ ದಾರಿ ಕೇಳಕೊಂತ ಬಂದಿದ್ರು. ಹಚ್ಚಿದಾಂವಗ ಯಾವ ಮನಿ ಅನ್ನೂದ ಗೊತ್ತಿರಬೇಕಲ. ಓಣಿ ಓಣಿ ಪೆನ್ಸಿಲ್ಲ ಹಿಡಕೊಂಡ ಅಡ್ಡಾಡಿದಾಂವ ನೀ ಒಬ್ಬನ." ದಾರದ ಉಂಡೆಯನ್ನು ಬದಿಗೆ ಸರಿಸಿ, "ನೀ ಯಾವಾಗ ಬರತಿ ಅಂತ ನೋಡಾಕತ್ತಿದ್ದೆ. ಕುಂದ್ರು" ಎಂದು ಕೌದಿಯ ತುದಿ ಹಾಸಿದಳು.

ಕೂತೆ. ಅವತ್ತು ಕೇಳಬೇಕಿದ್ದದ್ದನ್ನೇ ಕೇಳಿದೆ. "ಪಂಚಾಯ್ತಿಯಿಂದ ನಿಮಗ ಏನೇನ ಬಂದೈತ್ರಿ?"

ಅವಳು ನಗಲೂ ಇಲ್ಲ, ಸಿಟ್ಟಿಗೇಳಲೂ ಇಲ್ಲ.

"ಏನೂ ಬಂದಿಲ್ಲ. ಈ ಗ್ವಾಡಿನೂ ನಮ್ಮ ರೊಕ್ಕದ್ದ. ಬರಕೊ."

ಜೇಬಿನಲ್ಲಿ ಹಿರೇಕೆರೂರಿಂದ ಬಂದ ಬಸ್ಸಿನ ಟಿಕೀಟು ಇತ್ತು. ಅದರ ಹಿಂದೆ ಬರೆದುಕೊಂಡೆ.